ಸೋಲಾರ್ ಹೀಟರ್‌ಗೆ ಮೇಂಟೆನೆನ್ಸೇ ಇಲ್ಲ ಅಂದಿದ್ದರಲ್ಲ? ಮೈಸೂರು–ಮಂಡ್ಯದ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುವಾಗ ಹೇಳುವ ಮಾತು ಒಂದೇ: "ಒಂದ್ಸಲ ಹಾಕ್ಸಿ, ಆಮೇಲೆ ತಿರುಗಿ ನೋಡೋ ಹಾಗೇ ಇಲ್ಲ." ಎರಡನೇ ವರ್ಷದ ಹೊತ್ತಿಗೆ ನೀರು ಉಗುರುಬೆಚ್ಚಗೆ ಬರುತ್ತದೆ, ಮೂರನೇ ವರ್ಷ ಒಂದು ಟ್ಯೂಬ್ ಒಡೆಯುತ್ತದೆ, ಸರ್ವಿಸ್‌ಗೆ ಫೋನ್ ಮಾಡಿದರೆ "ನಿಮ್ಮ ನೀರು ಸರಿ ಇಲ್ಲ ಸಾರ್" ಎನ್ನುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅದನ್ನು ಮಾರುವ ದಿನವೇ ಹೇಳಬೇಕಿತ್ತು. ಇಲ್ಲಿರುವ ಉತ್ತರಗಳು ಹೆಚ್ಚಾಗಿ ಗಾಜಿನ ಟ್ಯೂಬಿನ ಸೋಲಾರ್‌ಗೆ, ಅಂದರೆ ಇಟಿಸಿಗೆ ಸಂಬಂಧಿಸಿದವು. ತಾಮ್ರದ ಪೈಪಿನ ಚಪ್ಪಟೆ ಪ್ಯಾನೆಲ್, ಅಂದರೆ ಎಫ್‌ಪಿಸಿ ಇರುವವರಿಗೆ ಬೇರೆ ಮಾತಿದ್ದರೆ ಅಲ್ಲಲ್ಲೇ ಹೇಳಿದೆ.

ಬಿಸಿಲು ಚೆನ್ನಾಗಿಯೇ ಇದೆ. ಆದರೂ ಮೊದಲಿನಷ್ಟು ಬಿಸಿನೀರು ಬರುತ್ತಿಲ್ಲ. ಯಾಕೆ?

ಕಾರಣ ಹೆಚ್ಚಾಗಿ ಮೂರರಲ್ಲಿ ಒಂದಿರುತ್ತದೆ: ಟ್ಯೂಬಿನ ಒಳಗೆ ಸುಣ್ಣ ಕಟ್ಟಿದೆ, ಟ್ಯೂಬಿನ ಮೇಲೆ ದೂಳು ಕೂತಿದೆ, ಇಲ್ಲವೇ ಬಿಸಿನೀರಿನ ಪೈಪಿಗೆ ಎಲ್ಲೋ ತಣ್ಣೀರು ನುಗ್ಗುತ್ತಿದೆ. ಮೂರನೆಯದನ್ನು ಯಾರೂ ಅನುಮಾನಿಸುವುದಿಲ್ಲ. ಪರೀಕ್ಷಿಸುವುದು ಮಾತ್ರ ಎಲ್ಲಕ್ಕಿಂತ ಸುಲಭ, ಅದಕ್ಕೇ ಅಲ್ಲಿಂದ ಶುರು ಮಾಡಿ.

ತಾರಸಿಯಲ್ಲಿ ಸೋಲಾರ್ ಟ್ಯಾಂಕಿಗೆ ತಣ್ಣೀರು ಕೊಡುವ ಗೇಟ್ ವಾಲ್ವ್ ಮುಚ್ಚಿ. ಕೆಳಗೆ ಬಂದು ಒಂದು ಬಿಸಿನೀರಿನ ನಲ್ಲಿ ಬಿಡಿ. ಬಿಸಿನೀರು ಟ್ಯಾಂಕಿನ ಮೇಲ್ಭಾಗದಿಂದ ಹೊರಡುವುದರಿಂದ, ತಣ್ಣೀರು ಒಳಗೆ ಬರದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಹರಿವು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಯಾವುದೋ ಮಿಕ್ಸರ್, ಅಂದರೆ ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯ ಮೂಲಕ ತಣ್ಣೀರು ಬಿಸಿ ಲೈನಿಗೆ ದಾಟುತ್ತಿದೆ. ಹ್ಯಾಂಡ್ ಶವರನ್ನು ಅದರ ಹಿಡಿಯಲ್ಲಿರುವ ಗುಂಡಿಯಿಂದ ಮಾತ್ರ ನಿಲ್ಲಿಸಿ, ಮಿಕ್ಸರಿನ ಎರಡೂ ತಿರುಗಣಿಗಳನ್ನು ತೆರೆದೇ ಬಿಡುವ ಮನೆಗಳಲ್ಲಿ ಇದು ಸಾಮಾನ್ಯ. ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿಸಿದ್ದರೆ ತಣ್ಣೀರು ಇನ್ನೂ ಜೋರಾಗಿ ತಳ್ಳುತ್ತದೆ, ಕಾದ ನೀರು ಟ್ಯಾಂಕಿನ ಮೇಲಿನ ಬಾಯಿ ತೆರೆದ ಪೈಪ್, ಅಂದರೆ ಏರ್ ವೆಂಟ್‌ನಿಂದ ತಾರಸಿಗೆ ಸುರಿದುಹೋಗುತ್ತದೆ. ಒಂದೊಂದೇ ಬಾತ್‌ರೂಮಿನ ಆಂಗಲ್ ವಾಲ್ವ್ ಮುಚ್ಚುತ್ತಾ ಹೋದರೆ ತಪ್ಪು ಯಾವ ಮಿಕ್ಸರಿನದು ಎಂದು ತಿಳಿಯುತ್ತದೆ. ಅದರ ಕಾರ್ಟ್ರಿಡ್ಜ್ ಬದಲಿಸಿ, ಬಿಸಿ ಲೈನಿನಲ್ಲಿ ನೀರನ್ನು ಹಿಂದಕ್ಕೆ ಹೋಗಗೊಡದ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಟ್ಯೂಬಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ಇದೇ ಕಾರಣಕ್ಕೆ ಟ್ಯೂಬು ಬದಲಿಸಿಕೊಂಡು ದುಡ್ಡು ಕೊಟ್ಟವರಿದ್ದಾರೆ.

ಸುಣ್ಣ ಎಲ್ಲಿಂದ ಬರುತ್ತದೆ? ನೀರು ನೋಡಿದರೆ ತಿಳಿಯಾಗಿದೆಯಲ್ಲ?

ನೀರು ತಿಳಿಯಾಗಿದ್ದ ಮಾತ್ರಕ್ಕೆ ಮೆದುವಾಗಿದೆ ಎಂದಲ್ಲ. ಬೋರ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಉಳಿಯುತ್ತದೆ. 60 ಡಿಗ್ರಿ ದಾಟಿದ ಮೇಲೆ ಇದು ಬೇಗ ಬೇಗ ನಡೆಯುತ್ತದೆ. ಬೋರ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಇದೇ. ಹಂಡೆಯದು ಕಣ್ಣಿಗೆ ಕಾಣುತ್ತದೆ, ಸೋಲಾರಿನದು ಕಾಣುವುದಿಲ್ಲ.

ಲೆಕ್ಕ ಹೀಗಿದೆ. ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ, ದಿನಕ್ಕೆ 100 ಲೀಟರ್ ಬಳಕೆ ಎಂದರೆ ದಿನವೂ 40 ಗ್ರಾಂ, ವರ್ಷಕ್ಕೆ 14.6 ಕೆಜಿ ಗಡಸು ಪದಾರ್ಥ ಟ್ಯಾಂಕನ್ನು ಹಾದುಹೋಗುತ್ತದೆ. ಬಹುಪಾಲು ನೀರಿನ ಜೊತೆಗೇ ಹೊರಟುಹೋಗುತ್ತದೆ ನಿಜ. ಆದರೆ ಇಪ್ಪತ್ತರಲ್ಲಿ ಒಂದು ಪಾಲು ಒಳಗೆ ಉಳಿದರೂ ವರ್ಷಕ್ಕೆ ಮುಕ್ಕಾಲು ಕೆಜಿ ಹತ್ತಿರ ಆಯಿತು.

ಮೈಸೂರು ನಗರದೊಳಗೆ ಕಾವೇರಿ, ಕಬಿನಿ ನೀರು ಮಾತ್ರ ಬರುವ ಮನೆಗಳಲ್ಲಿ ಈ ಕಾಟ ಕಡಿಮೆ. ರಿಂಗ್ ರೋಡ್ ಆಚೆ ಬೋರ್ ಇಲ್ಲವೇ ಟ್ಯಾಂಕರ್ ನಂಬಿರುವ ಬಡಾವಣೆಗಳಲ್ಲಿ, ಮಂಡ್ಯ ಜಿಲ್ಲೆಯ ಬೋರ್ ಮನೆಗಳಲ್ಲಿ ಇದು ಹೆಚ್ಚು. ಹೊಳೆ ನೀರು, ಬೋರ್ ನೀರು ಎರಡನ್ನೂ ಒಂದೇ ಸಂಪಿಗೆ ಬಿಡುವವರು ತಮ್ಮದನ್ನು ಬೋರ್ ನೀರು ಎಂದೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ನಮ್ಮ ನೀರು ಎಷ್ಟು ಗಡಸು ಎಂದು ತಿಳಿಯುವುದು ಹೇಗೆ? ಟಿಡಿಎಸ್ ಮೀಟರ್ ಸಾಕಲ್ಲವೇ?

ಸಾಲದು. ಟಿಡಿಎಸ್ ಮೀಟರ್ ಕರಗಿರುವ ಎಲ್ಲವನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಹನಿ ಹಾಕಿ ಬಣ್ಣ ಬದಲಾಗುವುದನ್ನು ನೋಡುವ ಗಡಸುತನದ ಕಿಟ್ ಸಿಗುತ್ತದೆ. ಇಲ್ಲವಾದರೆ ಬೋರ್ ಐದು ನಿಮಿಷ ಓಡಿದ ಮೇಲೆ ಶುಚಿಯಾದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿದು ನೀರಿನ ಪ್ರಯೋಗಾಲಯಕ್ಕೆ ಕೊಡಿ, "ಒಟ್ಟು ಗಡಸುತನ" ಮತ್ತು "ಕ್ಲೋರೈಡ್" ಎರಡನ್ನೂ ಕೇಳಿ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ 200 ಮಿಲಿಗ್ರಾಂವರೆಗೆ ಒಪ್ಪುವಂಥದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಅದು ಕುಡಿಯುವವರ ಲೆಕ್ಕ. ಸೋಲಾರಿಗೆ 200ರ ಒಳಗಿದ್ದರೆ ಎರಡು ವರ್ಷಕ್ಕೊಮ್ಮೆ ತೊಳೆದರೂ ನಡೆಯುತ್ತದೆ. 200ರಿಂದ 400 ಇದ್ದರೆ ವರ್ಷಕ್ಕೊಮ್ಮೆ, ಅದಕ್ಕೂ ಮೇಲಾದರೆ ಆರು ತಿಂಗಳಿಗೊಮ್ಮೆ ತೊಳೆಯುವುದು ಒಳ್ಳೆಯದು. ಎಫ್‌ಪಿಸಿಯ ಸಣ್ಣ ತಾಮ್ರದ ಕೊಳವೆಗಳು ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತವೆ, ಬಿಚ್ಚಿ ತೊಳೆಯಲೂ ಆಗುವುದಿಲ್ಲ. ಬೋರ್ ನೀರಿನ ಮನೆಗೆ ನೇರ ಎಫ್‌ಪಿಸಿ ಮಾರುವವರ ಬಳಿ ಕೊಳ್ಳದಿರುವುದೇ ಲೇಸು. ಕೊಳ್ಳಲೇಬೇಕಾದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ಕೇಳಿ. ಅದರ ಪ್ಯಾನೆಲ್ಲಿನಲ್ಲಿ ಸುತ್ತುವುದು ಬೇರೆಯದೇ ದ್ರವ, ನಿಮ್ಮ ಬೋರ್ ನೀರು ಆ ಕೊಳವೆಗಳೊಳಗೆ ಹೋಗುವುದೇ ಇಲ್ಲ.

ಟ್ಯೂಬ್ ತೊಳೆಯುವುದನ್ನು ಮನೆಯಲ್ಲೇ ಮಾಡಬಹುದೇ? ಹೇಗೆ?

ಇಬ್ಬರಿದ್ದರೆ ಮಾಡಬಹುದು, ಒಬ್ಬರೇ ಕೈ ಹಾಕಬೇಡಿ. ಬಿಸಿಲು ಬರುವ ಮೊದಲೇ ಶುರುವಾಗಬೇಕು. ನೀರಿಲ್ಲದ ಟ್ಯೂಬ್ ಬಿಸಿಲಿಗೆ ಸಿಕ್ಕರೆ ಒಳಗಡೆ 200 ಡಿಗ್ರಿ ದಾಟುತ್ತದೆ, ಆಗ ತಣ್ಣೀರು ಬಿದ್ದರೆ ಗಾಜು ಸಿಡಿಯುತ್ತದೆ. ಹಾಗಾಗಿ ಬೆಳಿಗ್ಗೆ ಆರರ ಹೊತ್ತಿಗೆ ಕೆಲಸ ಹಿಡಿಯಿರಿ. ತಡವಾಗುವ ಹಾಗಿದ್ದರೆ ಟ್ಯೂಬುಗಳ ಮೇಲೆ ದಪ್ಪ ಟಾರ್ಪಾಲ್ ಹೊದಿಸಿಬಿಡಿ.

ಹಿಂದಿನ ಸಂಜೆಯೇ ಬಿಸಿನೀರನ್ನು ಬಳಸಿ ಮುಗಿಸಿ. ಬೆಳಿಗ್ಗೆ ಮೊದಲ ಕೆಲಸ, ಎಲೆಕ್ಟ್ರಿಕ್ ಬ್ಯಾಕಪ್‌ನ ಎಂಸಿಬಿ ಕೆಳಗಿಳಿಸುವುದು. ಆಮೇಲೆ ತಣ್ಣೀರಿನ ವಾಲ್ವ್ ಮುಚ್ಚಿ, ಡ್ರೈನ್ ಬಿಟ್ಟು ಟ್ಯಾಂಕ್ ಖಾಲಿ ಮಾಡಿ. ಟ್ಯೂಬಿನೊಳಗಿನ ನೀರು ಡ್ರೈನಿನಿಂದ ಹೊರಬರುವುದಿಲ್ಲ ಎಂಬುದು ನೆನಪಿರಲಿ: 58 ಮಿಮೀ ಅಗಲ, 1800 ಮಿಮೀ ಉದ್ದದ ಟ್ಯೂಬಿನಲ್ಲಿ ಎರಡೂವರೆ ಲೀಟರಿಗೂ ಮೇಲೆ, 47 ಮಿಮೀ, 1500 ಮಿಮೀ ಟ್ಯೂಬಿನಲ್ಲಿ ಒಂದೂಕಾಲು ಲೀಟರಿಗೂ ಮೇಲೆ ನೀರು ನಿಂತಿರುತ್ತದೆ. ಎಳೆಯುವಾಗ ಆ ಭಾರ ಕೈಗೆ ಬರುತ್ತದೆ.

ಟ್ಯೂಬಿನ ಕೆಳತುದಿಯನ್ನು ಹಿಡಿದಿರುವ ಬಟ್ಟಲನ್ನು ಸಡಿಲಿಸಿ. ಟ್ಯಾಂಕಿಗೆ ಸೇರುವ ಕಡೆಯ ದೂಳಿನ ರಿಂಗನ್ನು ಕೆಳಕ್ಕೆ ಸರಿಸಿ, ಸೋಪು ನೀರು ಹಾಕಿ, ಟ್ಯೂಬನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತಾ ಮೊದಲು ಸ್ವಲ್ಪ ಮೇಲಕ್ಕೆ ದೂಡಿ, ಕೆಳತುದಿ ಬಟ್ಟಲಿನಿಂದ ಬಿಡಿಸಿಕೊಂಡ ಮೇಲೆ ಹೊರಕ್ಕೆ ಎಳೆಯಿರಿ. ಸೊಟ್ಟ ಎಳೆದರೆ ಬಾಯಿ ಬಿರಿಯುತ್ತದೆ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹೊರತೆಗೆದ ಟ್ಯೂಬನ್ನು ಗೋಣಿಚೀಲ ಹಾಸಿ ಅದರ ಮೇಲೆ ಮಲಗಿಸಿ, ಬರೀ ಸಿಮೆಂಟಿನ ಮೇಲೆ ನಿಲ್ಲಿಸಬೇಡಿ. ಇಟಿಸಿಯ ಕೆಳತುದಿಯಲ್ಲಿ ಒಂದು ಸಣ್ಣ ಗಾಜಿನ ಮೂಗು ಇರುತ್ತದೆ, ನಿರ್ವಾತ ಮಾಡಿ ಮುಚ್ಚಿದ ಜಾಗ. ಅದು ಚೂರು ಮುರಿದರೂ ಟ್ಯೂಬ್ ಹೋಯಿತು.

ಸುಣ್ಣ ಬಿಡಿಸಲು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ. ಎಲ್ಲ ಟ್ಯೂಬಿಗೂ ಒಟ್ಟಿಗೆ ಬೇಕಿಲ್ಲ. ಆರು ಲೀಟರ್ ನೀರಿಗೆ 300 ಗ್ರಾಂ ಕರಗಿಸಿ, ಎರಡು ದೊಡ್ಡ ಟ್ಯೂಬಿಗೆ ತುಂಬಿ, ನೆರಳಿನಲ್ಲಿ ಗೋಡೆಗೆ ಒರಗಿಸಿ ಯಾರಾದರೂ ಹಿಡಿದಿರಲಿ. ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಅದೇ ನೀರನ್ನು ಮುಂದಿನ ಜೋಡಿಗೆ ಸುರಿಯಿರಿ. 300 ಗ್ರಾಂ ನಿಂಬೆ ಉಪ್ಪು ಸುಮಾರು 200 ಗ್ರಾಂ ಸುಣ್ಣವನ್ನಷ್ಟೇ ಕರಗಿಸಬಲ್ಲದು. ಹೊಸ ಟ್ಯೂಬಿಗೆ ಹಾಕಿದಾಗ ನೊರೆಯೇ ಬರದಿದ್ದರೆ ಆ ನೀರು ಸತ್ತಿದೆ, ಚೆಲ್ಲಿ ಹೊಸದು ಮಾಡಿ. ರಾತ್ರಿಯಿಡೀ ನೆನೆಹಾಕಿದರೆ ಇನ್ನೂ ಒಳ್ಳೆಯದೆಂದು ಕೆಲವರು ಬಿಡುತ್ತಾರೆ. ಆಗ ಕ್ಯಾಲ್ಸಿಯಂ ಸಿಟ್ರೇಟ್ ಬಿಳಿ ಹಿಟ್ಟಾಗಿ ತಳದಲ್ಲಿ ಕೂತು ಮತ್ತೊಂದು ಕೆಲಸ ಹೆಚ್ಚುತ್ತದೆ. ಉದ್ದ ಹಿಡಿಯ ಮೆತ್ತನೆ ಬ್ರಷ್‌ನಿಂದ ಒಮ್ಮೆ ಉಜ್ಜಿ, ಎರಡು ಸಲ ನೀರು ಹಾಕಿ ತೊಳೆಯಿರಿ.

ಟ್ಯೂಬುಗಳು ಹೊರಗಿರುವಾಗಲೇ ಟ್ಯಾಂಕಿನ ತೂತುಗಳೊಳಗೆ ಹೋಸ್ ಪೈಪ್ ಬಿಟ್ಟು, ಬಿದ್ದಿರುವ ಸುಣ್ಣದ ಚೂರುಗಳನ್ನು ತೊಳೆದು ಹೊರಹಾಕಿ. ಸಿಲಿಕೋನ್ ರಿಂಗುಗಳು ಗಟ್ಟಿಯಾಗಿದ್ದರೆ, ಬಿರಿದಿದ್ದರೆ ಬದಲಿಸಿ. ಹಾಕುವಾಗ ಸೋಪು ನೀರು ಮಾತ್ರ. ಎಣ್ಣೆ, ಗ್ರೀಸ್ ಸವರಿದರೆ ರಿಂಗ್ ಉಬ್ಬಿ ಹಾಳಾಗುತ್ತದೆ.

ಬಾತ್‌ರೂಮ್ ಆಸಿಡ್ ಹಾಕಿದರೆ ಬೇಗ ಆಗುತ್ತದಲ್ಲ?

ಸುಣ್ಣ ಬೇಗ ಹೋಗುತ್ತದೆ, ಅದರ ಹಿಂದೆಯೇ ಟ್ಯಾಂಕೂ ಹೋಗುತ್ತದೆ. ಆ ಆಸಿಡ್ ಹೈಡ್ರೋಕ್ಲೋರಿಕ್, ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನು ಸೂಜಿಮೊನೆಯಷ್ಟು ತೂತಾಗಿ ಕೊರೆಯುತ್ತದೆ. ಸರ್ವಿಸ್‌ಗೆ ಬಂದವರು ಅದನ್ನೇ ಬಾಟಲಿಯಲ್ಲಿ ತಂದಿದ್ದರೆ ಬೇಡ ಎಂದು ವಾಪಸ್ ಕಳಿಸಿ.

ಒಂದು ಟ್ಯೂಬ್ ಒಡೆದಿದೆ, ತಾರಸಿಯೆಲ್ಲಾ ನೀರು. ತಕ್ಷಣ ಏನು ಮಾಡಬೇಕು?

ಸೋಲಾರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಉಳಿದದ್ದೆಲ್ಲ ಆಮೇಲೆ. ಟ್ಯೂಬ್ ನೇರ ಟ್ಯಾಂಕಿಗೆ ತೆರೆದಿರುವುದರಿಂದ ಒಂದು ಒಡೆದರೂ ಸೋಲಾರ್ ಟ್ಯಾಂಕ್ ಪೂರ್ತಿ ಖಾಲಿಯಾಗುತ್ತದೆ, ಅದರ ಬೆನ್ನಿಗೆ ಸಿಂಟೆಕ್ಸ್ ಕೂಡ. ಮನೆಯಲ್ಲಿರುವ ಎಲ್ಲರಿಗೂ ಆ ವಾಲ್ವ್ ಯಾವುದು ಎಂದು ಗೊತ್ತಿರಲಿ, ಅದಕ್ಕೊಂದು ಕೆಂಪು ಬಣ್ಣ ಬಳಿದಿಡಿ. ಎಂಸಿಬಿ ಇಳಿಸಿ. ಉಳಿದ ಟ್ಯೂಬುಗಳು ಈಗ ಖಾಲಿ ಟ್ಯಾಂಕಿನ ಕೆಳಗೆ ಕಾಯುತ್ತಿರುತ್ತವೆ, ಟಾರ್ಪಾಲ್ ಹೊದಿಸಿ.

ಹೊಸ ಟ್ಯೂಬ್ ತರುವಾಗ ಅಗಲ, ಉದ್ದ ಎರಡನ್ನೂ ಅಳತೆ ಮಾಡಿಕೊಂಡು ಹೋಗಿ. "ಮೂರು ಪದರದ ಟ್ಯೂಬ್ ಸಾರ್" ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ನೋಡಬೇಕಾದದ್ದು ತುದಿಯ ಬೆಳ್ಳಿ ಬಣ್ಣ. ಅದು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ನಿರ್ವಾತ ಇದೆ, ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ. ಮನೆಯಲ್ಲಿರುವ ಹಳೆಯ ಟ್ಯೂಬುಗಳನ್ನೂ ಹೀಗೇ ನೋಡಿ: ಬೆಳ್ಳಗಾದದ್ದು ಸೋರುವುದಿಲ್ಲ, ಆದರೆ ಹಗಲು ಹಿಡಿದ ಶಾಖವನ್ನು ರಾತ್ರಿ ಕಳೆದುಬಿಡುತ್ತದೆ. ಬೆಳಗಿನ ಜಾವ ನೀರು ತಣ್ಣಗಿರುವ ಮನೆಗಳಲ್ಲಿ ಇಂಥವು ಎರಡು ಮೂರು ಇದ್ದೇ ಇರುತ್ತವೆ.

ಹೊಸ ಟ್ಯೂಬ್ ಹಾಕಿ ನೀರು ತುಂಬುವುದು ಸಂಜೆ ಇಲ್ಲವೇ ಬೆಳಗಿನ ಜಾವ ಮಾತ್ರ. ನೀರು ನಿಂತುಹೋಗಿ ಸಿಂಟೆಕ್ಸ್ ಒಣಗಿದ್ದ ದಿನ ಮಧ್ಯಾಹ್ನ ಮೋಟರ್ ಹಾಕಿದಾಗಲೂ ಇದೇ ಎಚ್ಚರ ಬೇಕು. "ಏನೂ ಮಾಡದೆ ತಾನಾಗೇ ಒಡೀತು" ಎನ್ನುವ ಟ್ಯೂಬುಗಳ ಹಿಂದೆ ಬಹಳ ಸಲ ಇರುವುದು ಈ ಮಧ್ಯಾಹ್ನದ ನೀರೇ.

ಏರ್ ವೆಂಟ್ ಎಂದರೆ ಯಾವುದು? ಅದಕ್ಕೇನು ಮಾಡಬೇಕು?

ಟ್ಯಾಂಕಿನ ಮೇಲಿಂದ ಎದ್ದು ಬಾಯಿ ತೆರೆದು ನಿಂತಿರುವ ಪೈಪ್. ನೀರು ತೆಗೆದಾಗ ಗಾಳಿ ಒಳಬರುವುದು, ಕಾದಾಗ ಆವಿ ಹೊರಹೋಗುವುದು ಇದರಿಂದಲೇ. ಕಡಜ ಮಣ್ಣು ಮೆತ್ತಿಯೋ, ಸುಣ್ಣ ಕಟ್ಟಿಯೋ ಇದು ಮುಚ್ಚಿಕೊಂಡರೆ ಬಿಸಿನೀರು ಬಿಟ್ಟು ಬಿಟ್ಟು ಬರುತ್ತದೆ, ಕೊನೆಗೆ ಟ್ಯಾಂಕ್ ಒಳಕ್ಕೆ ಕುಗ್ಗಬಹುದು ಇಲ್ಲವೇ ಉಬ್ಬಿ ಬೆಸುಗೆ ಬಿಡಬಹುದು. ಮೂರು ತಿಂಗಳಿಗೊಮ್ಮೆ ತಂತಿ ಹಾಕಿ ನೋಡಿದರೆ ಸಾಕು. ನೊಣದ ಜಾಲರಿ ಕಟ್ಟುವುದಾದರೆ ಸಡಿಲವಾಗಿ ಕಟ್ಟಿ. ತೊಟ್ಟಿಕ್ಕುತ್ತದೆ ಎಂದು ಎಂಡ್ ಕ್ಯಾಪ್ ಹಾಕಿಸಲೇಬೇಡಿ. ಮಿಕ್ಸರಿನಿಂದ ತಣ್ಣೀರು ನುಗ್ಗುತ್ತಿಲ್ಲದಿದ್ದರೆ, ವೆಂಟಿನಿಂದ ನೀರು ಸುರಿಯುವುದಕ್ಕೆ ಕಾರಣ ಅದರ ಎತ್ತರ: ಸಿಂಟೆಕ್ಸ್ ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಮೇಲಿರಬೇಕು.

ಶವರ್‌ಗೆ ಫೋರ್ಸ್ ಇಲ್ಲ. ಸೋಲಾರ್ ಲೈನಿಗೂ ಪ್ರೆಶರ್ ಪಂಪ್ ಹಾಕಿಸಬಹುದೇ?

ಸಾಮಾನ್ಯ ಮನೆಯ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವಂಥದಲ್ಲ. ಟ್ಯಾಂಕಿಗೆ ಮುಂಚೆ ಪಂಪ್ ಕೂಡಿಸಿದರೆ ನೀರು ವೆಂಟಿನಿಂದ ಹಾರುತ್ತದೆ, ಟ್ಯೂಬಿನ ರಿಂಗುಗಳು ಕಿತ್ತುಬರುತ್ತವೆ. ಹಾಕಿಸಲೇಬೇಕಾದರೆ ಟ್ಯಾಂಕಿನ ನಂತರ, ಬಿಸಿನೀರು ತಡೆಯುವ ಪಂಪನ್ನೇ ಹಾಕಿಸಿ. ಬಿಸಿ ಲೈನ್ ಪೂರ್ತಿ ಸಿಪಿವಿಸಿ ಇರಲಿ. ಬಿಳಿ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ.

ಬಿಸಿನೀರು ಬರುವ ತನಕ ಒಂದು ಬಕೆಟ್ ತಣ್ಣೀರು ಹೋಗುತ್ತದೆ. ಇದು ಸೋಲಾರಿನ ದೋಷವೇ?

ಅಲ್ಲ, ಪೈಪಿನ ಉದ್ದದ್ದು. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ನೆಲಮಹಡಿಗೆ 15 ಮೀಟರ್ ಎಂದರೆ ನಾಲ್ಕು ಲೀಟರ್, ಪೈಪು ಸುತ್ತಿಬಳಸಿ ಬಂದಿದ್ದರೆ ಇನ್ನೂ ಹೆಚ್ಚು. ತಾರಸಿಯ ಮೇಲಿನ ಪೈಪಿಗೆ ಫೋಮ್ ಕವಚ ತೊಡಿಸಿದರೆ ಸ್ವಲ್ಪ ಉಳಿಯುತ್ತದೆ. ಆ ಫೋಮ್ ಬಿಸಿಲಿಗೆ ಪುಡಿಯಾಗುವುದರಿಂದ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ.

ಮಂಡ್ಯದಲ್ಲಿ ಆಲೆಮನೆ ಹತ್ತಿರ ನಮ್ಮ ಮನೆ. ಟ್ಯೂಬ್ ಮೇಲೆ ಕಪ್ಪು ಮಸಿ ಕೂರುತ್ತದೆ.

ಕಬ್ಬಿನ ಸಿಪ್ಪೆ ಉರಿಸಿದ ಬೂದಿ, ತರಗಿಗೆ ಬೆಂಕಿ ಹಾಕಿದಾಗ ಹಾರಿಬರುವ ಮಸಿ ಎರಡೂ ಗಾಜಿಗೆ ಅಂಟುತ್ತವೆ, ಇಬ್ಬನಿ ಬಿದ್ದ ಮೇಲೆ ಇನ್ನೂ ಗಟ್ಟಿ. ಆಲೆ ನಡೆಯುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಒರೆಸಬೇಕು. ಬೆಳಿಗ್ಗೆಯೇ, ಹತ್ತಿ ಬಟ್ಟೆ, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್. ಒಣ ಬಟ್ಟೆಯಲ್ಲಿ ಉಜ್ಜಿದರೆ ಬೂದಿಯೇ ಗಾಜನ್ನು ಗೀರುತ್ತದೆ.

ಕೋತಿ ಕಾಟಕ್ಕೆ?

ಚೌಕಟ್ಟಿನ ಮೇಲೆ ಅಗಲ ಕಣ್ಣಿನ ವೆಲ್ಡ್ ಮೆಶ್, ಟ್ಯೂಬಿನಿಂದ ನಾಲ್ಕು ಇಂಚು ಮೇಲೆ. ಸಣ್ಣ ಕಣ್ಣಿನದು ಬಿಸಿಲು ತಿನ್ನುತ್ತದೆ.

ಸಾಫ್ಟ್‌ನರ್ ಹಾಕಿಸಿದರೆ ಎಲ್ಲ ತಲೆನೋವೂ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಸುಣ್ಣ ಕಟ್ಟುವುದು ನಿಲ್ಲುತ್ತದೆ. ಆದರೆ ಮೇಂಟೆನೆನ್ಸ್ ಇಲ್ಲ ಎಂದು ಕೊಂಡ ಒಂದು ವಸ್ತುವನ್ನು ಉಳಿಸಲು, ಮೇಂಟೆನೆನ್ಸ್ ಬೇಡುವ ಇನ್ನೊಂದನ್ನು ಕೊಳ್ಳುತ್ತಿದ್ದೀರಿ ಎಂಬುದು ಗೊತ್ತಿರಲಿ. 25 ಲೀಟರ್ ರೆಸಿನ್, ಅಂದರೆ ಗಡಸುತನ ಹಿಡಿಯುವ ಸಣ್ಣ ಮಣಿಗಳು ಇರುವ ಸಾಫ್ಟ್‌ನರ್ ಒಂದು ಸುತ್ತಿಗೆ ಸುಮಾರು 1,250 ಗ್ರಾಂ ಗಡಸುತನ ಹಿಡಿಯುತ್ತದೆ. 400 ಮಿಲಿಗ್ರಾಂ ನೀರು ದಿನಕ್ಕೆ 200 ಲೀಟರ್ ಹೋದರೆ ಹದಿನೈದು ದಿನ. ಆಮೇಲೆ ನಾಲ್ಕೈದು ಕೆಜಿ ಉಪ್ಪಿನಿಂದ ಮರುಜೀವ ಕೊಡಬೇಕು. ಉಪ್ಪು ಮುಗಿದದ್ದು ಮರೆತರೆ ಗಡಸು ನೀರು ಸದ್ದಿಲ್ಲದೆ ದಾಟುತ್ತದೆ. ಇಡೀ ಮನೆಗೆ ಬೇಡ, ಸ್ನಾನ ಮತ್ತು ವಾಷಿಂಗ್ ಮೆಷಿನ್ ಲೈನಿಗೆ ಸಾಕು. ಗಿಡಕ್ಕಂತೂ ಆ ನೀರು ಹಾಕಲೇಬೇಡಿ.

ಪಾಲಿಫಾಸ್ಫೇಟ್ ಹರಳಿನ ಡಬ್ಬಿ ಅಗ್ಗ. ಆದರೆ ತುಂಬಾ ಕಾದ ನೀರಿನಲ್ಲಿ ಅದು ಒಡೆದು ಕೆಲಸ ಕಳೆದುಕೊಳ್ಳುತ್ತದೆ, ಸೋಲಾರ್ ಟ್ಯಾಂಕ್ ಬೇಸಿಗೆಯಲ್ಲಿ ಸುಲಭವಾಗಿ 70 ಡಿಗ್ರಿ ದಾಟುತ್ತದೆ. ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ದುಡ್ಡು ಹಾಕಬೇಡಿ.

ದುಡ್ಡಿಲ್ಲದ ಉಪಾಯ ಒಂದಿದೆ, ಯಾರೂ ಹೇಳುವುದಿಲ್ಲ: ಫೆಬ್ರವರಿಯಿಂದ ಮೇ ವರೆಗೆ ಮೂರರಲ್ಲಿ ಒಂದು ಪಾಲು ಟ್ಯೂಬುಗಳನ್ನು ಬಿಳಿ ಬಟ್ಟೆಯಿಂದ ಮುಚ್ಚಿಡಿ. ಸ್ನಾನಕ್ಕೆ ಬೇಕಾದಷ್ಟು ಬಿಸಿ ಹೇಗೂ ಸಿಗುತ್ತದೆ, ನೀರು ಕುದಿಯುವ ಹತ್ತಿರಕ್ಕೆ ಹೋಗದೆ ಸುಣ್ಣವೂ ಕಡಿಮೆ ಕಟ್ಟುತ್ತದೆ. ವಾರಗಟ್ಟಲೆ ಊರಿಗೆ ಹೋಗುವಾಗ ಎಲ್ಲವನ್ನೂ ಮುಚ್ಚಿ.

ಆನೋಡ್ ರಾಡ್ ಬದಲಿಸಬೇಕು ಎಂದರು. ಇದು ದುಡ್ಡು ಕೀಳುವ ಮಾತೇ?

ಅಲ್ಲ. ಎನಾಮೆಲ್ ಒಳಪದರದ ಕಬ್ಬಿಣದ ಟ್ಯಾಂಕಿನಲ್ಲಿ ಮೆಗ್ನೀಸಿಯಂ ರಾಡ್ ತಾನು ಸವೆದು ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ, ಒಳಗಿನ ತಂತಿ ಕಾಣುತ್ತಿದ್ದರೆ ಬದಲಿಸಿ. ಹಳೆಯ ರಾಡನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ವಾರಂಟಿ ಕಾರ್ಡಿನಲ್ಲಿ ಆನೋಡ್ ಬದಲಿಸಿದ ದಾಖಲೆ ಬೇಕೆಂಬ ಷರತ್ತು, ನೀರಿನ ಗಡಸುತನದ ಮಿತಿ ಇದೆಯೇ ಎಂದೂ ನೋಡಿ. ಟ್ಯೂಬ್ ಒಡೆಯುವುದು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ.

ಇಷ್ಟೆಲ್ಲಾ ಯಾಕೆ? ತೆಗೆದುಹಾಕಿ ಗೀಸರ್ ಹಾಕಿಸಿಬಿಡಲೇ?

100 ಲೀಟರ್ ನೀರನ್ನು 24 ಡಿಗ್ರಿಯಿಂದ 50ಕ್ಕೆ ಏರಿಸಲು ಮೂರು ಯೂನಿಟ್ ವಿದ್ಯುತ್ ಬೇಕು. ವರ್ಷದಲ್ಲಿ 300 ದಿನ ಬಿಸಿಲು ಕೆಲಸ ಮಾಡಿದರೆ 900 ಯೂನಿಟ್. ಗೃಹಜ್ಯೋತಿಯಲ್ಲಿ ಬಿಲ್ ಬರದ ಮನೆಯವರು "ಕರೆಂಟ್ ಹೇಗೂ ಫ್ರೀ" ಎನ್ನುವುದುಂಟು. ಆದರೆ ಅಲ್ಲಿ ಉಚಿತ ಸಿಗುವುದು ಮನೆಯ 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ, ಅದೂ 200 ಯೂನಿಟ್ ಒಳಗೆ. ಗೀಸರಿನಿಂದ ತಿಂಗಳಿಗೆ 90 ಯೂನಿಟ್ ಏರಿದರೆ ಆ ಗೆರೆ ದಾಟುವುದು ಕಷ್ಟವಲ್ಲ. ಹೊಳೆ ನೀರಿನ ಮನೆಯವರು ಸೋಲಾರ್ ತೆಗೆಯುವುದಕ್ಕೆ ಕಾರಣವೇ ಇಲ್ಲ. 600 ದಾಟಿದ ಬೋರ್ ನೀರು, ಮನೆಯಲ್ಲಿ ಇಬ್ಬರೇ ವಯಸ್ಸಾದವರು, ತಾರಸಿ ಹತ್ತುವವರು ಯಾರೂ ಇಲ್ಲ ಎಂದಾದರೆ ಗೀಸರೇ ವಾಸಿ. ಗೀಸರಿಗೂ ಅದೇ ಸುಣ್ಣ ಕಟ್ಟುತ್ತದೆ, ಆದರೆ ಬಿಚ್ಚುವುದು ಬಾತ್‌ರೂಮಿನೊಳಗೆ.

ಸೋಲಾರಿನ ಬ್ಯಾಕಪ್ ಎಲಿಮೆಂಟ್ ಇಟ್ಟುಕೊಂಡವರು ಒಂದು ನೋಡಿ: 2 ಕಿಲೋವ್ಯಾಟಿನದು ಗಂಟೆಗೆ ಎರಡು ಯೂನಿಟ್. ಜೂನ್–ಆಗಸ್ಟ್ ಜಡಿಮಳೆಯಲ್ಲಿ ಸ್ವಿಚ್ ಹಾಕಿ ಮರೆತು, ಸೆಪ್ಟೆಂಬರ್ ತನಕ ಆನ್ ಇರುವ ಮನೆಗಳಲ್ಲಿ ಬಿಸಿಲಿಗೆ ಕೆಲಸವೇ ಇರುವುದಿಲ್ಲ. ಆ ಲೈನಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಇವತ್ತೇ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಒಡೆದ ಟ್ಯೂಬಿನ ಗಾಜನ್ನು ಎಲ್ಲಿ ಹಾಕುವುದು?

ಹಸಿ ಕಸ, ಒಣ ಕಸ ಎರಡರಲ್ಲೂ ಹಾಗೇ ಹಾಕಬೇಡಿ, ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟೇಪ್ ಸುತ್ತಿ, ಮೇಲೆ "ಗಾಜು" ಎಂದು ದೊಡ್ಡದಾಗಿ ಬರೆದು, ಗಾಡಿ ಬಂದಾಗ ಹೇಳಿ ಕೈಗೇ ಕೊಡಿ.